ಸುಣ್ಣದ ಹೊನ್ನಿಯ ಎರಡನೇ ಮುದ್ರಣ

ಹೊನ್ನಾವರದಲ್ಲಿ ರೂಪಾ ಅಕ್ಕೋರಿಗೆ ಬಾಡಿಗೆ ಮನೆ ಸಿಕ್ಕಿದ್ದು ಸಿಗಡಿಯ ಕೃಪೆಯಿಂದ.

ಹಳದೀಪುರದ ಹೈಸ್ಕೂಲಿಗೆ ಕನ್ನಡ ಕಲಿಸಲು ವರ್ಗವಾಗಿ ಬಂದಾಗ ಅವಳು ಮನೆಗಾಗಿ ಪೇಟೆಯೆಲ್ಲ ಸುತ್ತಿದ್ದಳು. ಒಂಟಿ ಹೆಂಗಸೆಂದು ಕೆಲವರು ಕೊಡಲಿಲ್ಲ. ಕಾರಣವನ್ನೇ ಹೇಳದೆ ಕೆಲವರು ಕೊಡಲಿಲ್ಲ. ಕೊನೆಗೆ ಬ್ಯಾಂಕಿನಿಂದ ನಿವೃತ್ತರಾದ ವಿಶ್ವನಾಥರಾಯರ ಮನೆಯ ಮಗ್ಗುಲಲ್ಲೇ ಎರಡು ಕೋಣೆಯ ಬಿಡಾರವೊಂದು ಖಾಲಿ ಇದೆಯೆಂದು ತಿಳಿದು ಅಲ್ಲಿಗೆ ಹೋದಳು. ರಾಯರು ಪೇಪರಿನಿಂದ ತಲೆ ಎತ್ತಲಿಲ್ಲ. ಮಾತಾಡಿದವರು ಅವರ ಹೆಂಡತಿ ಮಾಲತಿ.

"ಯಾವೂರಾತು ನಿಮ್ಗೆ?"

"ಭಟ್ಕಳದ ಹತ್ರ."

"ಮನೆದೇವ್ರು?"

"ಊರ ದುರ್ಗಮ್ಮ."

ದುರ್ಗಮ್ಮನಿಂದ ಏನೂ ಇತ್ಯರ್ಥವಾಗುವಂತಿರಲಿಲ್ಲ. ಅವಳಿಗೆ ಎಲ್ಲ ಕೇರಿಯವರೂ ನಡೆದುಕೊಳ್ಳುತ್ತಾರೆ. ಮಾಲತಿ ಸ್ವಲ್ಪ ಯೋಚಿಸಿ ಹೆಸರಿನ ಹಿಂದೆ ಮುಂದೆ ಎಂತ ಹಾಕುತ್ತೀರಿ ಎಂದು ವಿಚಾರಿಸಿದರು. ರೂಪಾ, "ವಿ. ಅಂತ. ಅಪ್ಪನ ಹೆಸರು ವೆಂಕಟ" ಎಂದಳು. ಅದೂ ಅಷ್ಟೇ. ವೆಂಕಟನೂ ಎಲ್ಲರ ಮನೆಯಲ್ಲಿ ಹುಟ್ಟುತ್ತಾನೆ. ಕಡೆಗೆ ಮಾಲತಿ ಉಳಿದ ಒಂದೇ ಒಂದು ಪ್ರಶ್ನೆಯನ್ನು ನಗುತ್ತ ಕೇಳಿದರು.

"ಮೀನು ಗೀನು ಎಲ್ಲ ಮಾಡೂದುಂಟ?"

"ಇಲ್ಲ, ಮೀನು ನಂಗೆ ಆಗೂದಿಲ್ಲ."

ಅದು ನಿಜವೇ ಆಗಿತ್ತು. ಆರನೇ ವರ್ಷದಲ್ಲಿ ಸಿಗಡಿ ಸಾರು ಉಂಡು ಮೈತುಂಬ ದದ್ದು ಎದ್ದು, ಉಸಿರು ಕಟ್ಟಿ, ಸರಕಾರಿ ಆಸ್ಪತ್ರೆಯಲ್ಲಿ ಬದುಕಿದರೆ ಬದುಕಿದಳು ಎನ್ನುವ ಸ್ಥಿತಿಗೆ ಹೋಗಿ ಬಂದವಳು ಅವಳು. ಆಮೇಲೆ ಒಂದು ತುಂಡು ಬಂಗಡೆಯೂ ಗಂಟಲಿಗಿಳಿದಿರಲಿಲ್ಲ. ಹೊಳೆದಂಡೆಯಲ್ಲಿ ಹುಟ್ಟಿಯೂ ಮೀನು ತಿನ್ನದ ಈ ಮಗಳು ಅವಳ ಅವ್ವ ನಾಗುವಿಗೆ ಊರವರೆದುರು ತಲೆ ತಗ್ಗಿಸುವ ವಿಷಯ. ಆದರೆ ಮಾಲತಿಯವರ ಕಿವಿಗೆ ಆ ಮಾತು ಗೋತ್ರಪ್ರವರದಂತೆ ಕೇಳಿಸಿತು. "ಅಷ್ಟಿದ್ರೆ ಸಾಕು ನಮ್ಗೆ" ಎಂದು ಬೀಗದ ಕೈ ಕೊಟ್ಟರು. ಜಾತಿ ಗೀತಿ ಎಲ್ಲ ನಾವು ನೋಡುವುದಿಲ್ಲ ಎಂದೂ ಸೇರಿಸಿದರು.

ರೂಪಾ ಮುಚ್ಚಿಟ್ಟದ್ದೇನೂ ಇಲ್ಲ. ಕೇಳಿದರೆ ಹೇಳುವುದು ಎಂದುಕೊಂಡಿದ್ದಳು. ಯಾರೂ ಕೇಳಲಿಲ್ಲ, ಅಷ್ಟೇ. ಕೇಳುವ ಅಗತ್ಯ ಮುಗಿದಿತ್ತು. ಮಾಲತಿ ಅವಳನ್ನು ಹಬ್ಬದೂಟಕ್ಕೆ ಒಳಗೆ ಕರೆದರು. ಅಡುಗೆಮನೆಯ ಹೊಸ್ತಿಲ ಮೇಲೆ ಕೂರಿಸಿಕೊಂಡು ಮಸ್ಕತ್ತಿನಲ್ಲಿದ್ದ ಮಗ ಸೊಸೆಯ ಸುದ್ದಿ ಹೇಳಿದರು. ತಮ್ಮ ಹತ್ತಿರವೇ ಬಿಟ್ಟುಹೋಗಿದ್ದ ಮೊಮ್ಮಗಳು ಚಂದನಾಳಿಗೆ ಕನ್ನಡ ಪಾಠ ಹೇಳಿಸಿದರು. ಮೂರು ವರ್ಷ ಹೀಗೇ ಸಾಗಿತು.

ಶಾಲೆಯ ಗ್ರಂಥಾಲಯದ ಜವಾಬ್ದಾರಿ ರೂಪಾಳದೇ ಆಗಿತ್ತು. ಅಲ್ಲಿ ಮಕ್ಕಳಿಗಾಗಿ ಬರೆದ ಇತಿಹಾಸದ ಕತೆಗಳು ಒಂದು ಕಪಾಟು ತುಂಬ ಇದ್ದವು. ಎಲ್ಲದರಲ್ಲೂ ಕುದುರೆ. ಕುದುರೆಯ ಮೇಲೆ ರಾಜಕುಮಾರ. ಊರ ಹೊರಗಿನ ಜನ ಆ ಕತೆಗಳಲ್ಲಿ ಒಂದೇ ಪುಟಕ್ಕೆ ಬರುತ್ತಿದ್ದರು. ಬಾಯಾರಿ ಬಿದ್ದಿರುತ್ತಿದ್ದರು, ರಾಜಕುಮಾರ ಕುದುರೆಯಿಂದಿಳಿದು ನೀರು ಕೊಡುತ್ತಿದ್ದ, ಅವರು ಕೈಮುಗಿಯುತ್ತಿದ್ದರು, ಅವನ ದೊಡ್ಡ ಮನಸ್ಸನ್ನು ತೋರಿಸಿ ಮುಂದಿನ ಪುಟದಲ್ಲಿ ಕತೆ ಮುಂದೆ ಓಡುತ್ತಿತ್ತು. ಆಮೇಲೆ ಅವರಿಗೆ ಬಾಯಾರಿಕೆ ಆಗಲೇ ಇಲ್ಲವೇ ಎಂದು ರೂಪಾಳಿಗೆ ಕಿರಿಕಿರಿಯಾಗುತ್ತಿತ್ತು. ಆ ಕಿರಿಕಿರಿಯಿಂದಲೇ ಅವಳು ಬರೆಯಲು ಕೂತದ್ದು.

ಬ್ರಿಟಿಷರ ಕಾಲ, ಮುಂಬೈ ಪ್ರಾಂತ್ಯದ ಆಡಳಿತ. ಶರಾವತಿ ಕಡಲು ಸೇರುವಲ್ಲಿ ಚಿಪ್ಪಿಕಲ್ಲು ಸುಟ್ಟು ಸುಣ್ಣ ಮಾಡುವವರ ಕೇರಿ. ಆ ಕೇರಿಯ ಹುಡುಗಿ ಹೊನ್ನಿ. ಊರಲ್ಲಿ ಹೊಸ ಶಾಲೆ ಕಟ್ಟುತ್ತಾರೆ. ಅದರ ಗೋಡೆಗೆ ಬೇಕಾದ ಸುಣ್ಣವನ್ನೆಲ್ಲ ಹೊನ್ನಿ ಅವ್ವನ ಜೊತೆ ಬುಟ್ಟಿಯಲ್ಲಿ ಹೊತ್ತು ತರುತ್ತಾಳೆ. ಶಾಲೆ ಬೆಳ್ಳಗಾಗುತ್ತದೆ, ಹೊನ್ನಿಗೆ ಒಳಗೆ ಜಾಗವಿಲ್ಲ. ಸುಣ್ಣದಿಂದ ಸುಟ್ಟ ಕೈ ತೊಳೆಯಲು ಬಾವಿಯ ಹತ್ತಿರ ಹೋದರೆ ಬಾವಿಯ ಒಡತಿ ಓಡಿಸುತ್ತಾಳೆ. ಯಾರಾದರೂ ಮೇಲಿಂದ ತೆಂಗಿನ ಚಿಪ್ಪಿಗೆ ನೀರು ಹೊಯ್ಯುವ ತನಕ ಬಿಸಿಲಲ್ಲಿ ಕಾಯಬೇಕು. ಹೊನ್ನಿ ಕಾಯುತ್ತಾಳೆ, ಅಳುತ್ತಾಳೆ, ಶಾಲೆಯ ಕಿಟಕಿಯ ಕೆಳಗೆ ಕೂತು ಒಳಗಿನ ಮಗ್ಗಿ ಕೇಳುತ್ತಾಳೆ. ರಾಜಕುಮಾರ ಬರುವುದಿಲ್ಲ. ಕದ್ದು ಕೇಳಿಯೇ ಅವಳು ಅಕ್ಷರ ಕಲಿಯುತ್ತಾಳೆ.

ಇದನ್ನೆಲ್ಲ ರೂಪಾ ಕಟ್ಟಿದ್ದು ತಲೆಯೊಳಗೇ. ಅವಳ ಅಪ್ಪ ವೆಂಕಟ ಬಸ್ ಡ್ರೈವರ್ ಆಗಿದ್ದು ತೀರಿಕೊಂಡವನು; ಅವ್ವ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಸುಣ್ಣದ ಗೂಡು ಅಜ್ಜಿಯ ಕಾಲಕ್ಕೇ ತಣ್ಣಗಾಗಿತ್ತು. ಗೂಡು ಹೇಗೆ ಉರಿಯುತ್ತದೆ ಎಂಬುದನ್ನು ಅವಳು ಧಾರವಾಡದ ಗ್ರಂಥಾಲಯವೊಂದರಲ್ಲಿ ಹಳೆಯ ಗೆಜೆಟಿಯರ್ ಓದಿ ತಿಳಿದುಕೊಂಡಳು. ಉಳಿದ ಬಿಸಿಲು, ಬಾವಿ, ಕಣ್ಣೀರು ಎಲ್ಲ ಅವಳ ಸ್ವಂತದ್ದು. 'ಸುಣ್ಣದ ಹೊನ್ನಿ' ಎಂದು ಹೆಸರಿಟ್ಟಳು. ಕುಮಟೆಯ ಸಣ್ಣ ಪ್ರಕಾಶಕ ವಿನೋದ ಅದನ್ನು ಅಚ್ಚು ಹಾಕಿದ.

ಪುಸ್ತಕ ಓದಿ ಎಲ್ಲರಿಗಿಂತ ಹೆಚ್ಚು ಅತ್ತವರು ಮಾಲತಿ.

ಚಂದನಾಳನ್ನು ಜಗಲಿಯಲ್ಲಿ ಕೂರಿಸಿ ಗಟ್ಟಿಯಾಗಿ ಓದಿಸುತ್ತಿದ್ದರು. ಬಾವಿಯ ಅಧ್ಯಾಯ ಬಂದಾಗ ಸೆರಗಿನಿಂದ ಕಣ್ಣೊರಸಿಕೊಂಡು, "ಸಾಕು ಮಗಾ, ನಿಲ್ಸು, ನಂಗೆ ತಡ್ಕಳೂಕೆ ಆಗೂದಿಲ್ಲ" ಎನ್ನುತ್ತಿದ್ದರು. ಮರುದಿನ ಅದನ್ನೇ ಮತ್ತೆ ಓದಿಸುತ್ತಿದ್ದರು. ತಮ್ಮ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಮುಖಪುಟದ ಚಿತ್ರ ಕಳಿಸಿ, ನಮ್ಮ ಬಿಡಾರದ ಅಕ್ಕೋರು ಬರೆದದ್ದು, ಕಲ್ಲು ಕೂಡಾ ಕರಗಬೇಕು ಎಂದು ಬರೆದರು.

"ಹೆಂಗೆ ಕಲ್ಪಿಸ್ಕಂಡ್ರಿ ಅಕ್ಕೋರೇ ಇದನ್ನೆಲ್ಲ?" ಎಂದು ಒಂದು ಸಂಜೆ ಕೇಳಿದರು. "ಚಿಪ್ಪಿಗೆ ಮೇಲಿಂದ ನೀರು ಹೊಯ್ತಿದ್ರಂತಲ್ಲ, ರಾಮ ರಾಮ! ಆ ಬಾವಿ ಹೆಂಗ್ಸಿಗೆ ಎದೆಯೊಳಗೆ ಎಂತ ಇತ್ತು, ಕಲ್ಲಾ?"

ಹೀಗೆ ಕೇಳುವಾಗ ಅವರು ಗಂಗಿಗೆ ಚಹಾ ಕೊಡುತ್ತಿದ್ದರು. ಅಂಗಳ ಗುಡಿಸಿ ಪಾತ್ರೆ ತೊಳೆಯುವ ಗಂಗಿಯ ಲೋಟ ಹೊರಗಿನ ಕಿಟಕಿಯ ದಂಡೆಯ ಮೇಲೆ ಬೋರಲಾಗಿ ಇರುತ್ತಿತ್ತು. ಅವಳು ಅದನ್ನು ತಾನೇ ಎತ್ತಿ ಹಿಡಿದಳು. ಮಾಲತಿ ಪಾತ್ರೆಯನ್ನು ಒಂದು ಗೇಣು ಎತ್ತರದಿಂದ ಬಗ್ಗಿಸಿದರು. ಒಂದು ಹನಿಯೂ ಚೆಲ್ಲಲಿಲ್ಲ. ಅವರ ಕೈ ಅಷ್ಟು ಪಳಗಿತ್ತು.

ರೂಪಾ ಆ ಹೊತ್ತಿಗೆ ಹೇಳಿಬಿಡಬೇಕೆಂದುಕೊಂಡಳು. ಬಾಯಿ ತೆರೆದಳು ಕೂಡ. ಆದರೆ ಮಾಲತಿ ಮೂಗೊರೆಸಿಕೊಳ್ಳುತ್ತಿದ್ದರು. ಅಳುತ್ತಿರುವವರಿಗೆ ಅಡ್ಡ ಬಂದು, ನೀವು ಅಳುತ್ತಿರುವುದು ನನ್ನ ಅಜ್ಜಿಗೆ ಎಂದು ಹೇಳುವುದಾದರೂ ಹೇಗೆ? ಇನ್ನೊಂದು ಮಾತೂ ಇತ್ತು. ಕಲ್ಪನೆ ಎಂಬ ಹೊಗಳಿಕೆ ಅವಳಿಗೆ ಹಿತವಾಗಿತ್ತು. ಕಲ್ಪಿಸಿದ್ದು ನಿಜವೇ ಅಲ್ಲವೇ? ಆ ಹಿತದಲ್ಲೇ ಮಾತು ಮುಂದಕ್ಕೆ ಹೋಯಿತು.

ಕುಮಟೆಯ ಮಕ್ಕಳ ಸಾಹಿತ್ಯ ಬಳಗವೊಂದು ಆ ವರ್ಷದ ಬಹುಮಾನವನ್ನು 'ಸುಣ್ಣದ ಹೊನ್ನಿ'ಗೆ ಕೊಟ್ಟಿತು. ಬಳಗದ ಅಧ್ಯಕ್ಷರು ದಿವಾಕರ ಮಾಸ್ತರರು, ನಿವೃತ್ತ ಹೆಡ್‌ಮಾಸ್ತರು, ಬಳಗದ ಮಾಸಪತ್ರಿಕೆಯ ಸಂಪಾದಕರು. ಭಾನುವಾರ ಬೆಳಿಗ್ಗೆ ಸಭಾಭವನದಲ್ಲಿ ಸಮಾರಂಭ. ಮಾಲತಿ ರೇಷ್ಮೆ ಸೀರೆ ಉಟ್ಟು, ರೂಪಾಳನ್ನೂ ಚಂದನಾಳನ್ನೂ ತಮ್ಮ ಕಾರಿನಲ್ಲೇ ಕೂರಿಸಿಕೊಂಡು ಕರೆತಂದರು. ನಾಗು ಭಟ್ಕಳದಿಂದ ಬೆಳಗಿನ ಬಸ್ಸಿಗೆ ನೇರ ಸಭಾಭವನಕ್ಕೇ ಬಂದಳು.

"ಇವ್ರೇ ತಾಯಿಯಾ? ಬನ್ನಿ ಬನ್ನಿ, ಇಲ್ಲೇ ನನ್ನ ಹತ್ರ ಕೂತ್ಕಳಿ" ಎಂದು ಮಾಲತಿ ಅವಳ ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದರು. ಪ್ರಯಾಣದಲ್ಲಿ ಹಸಿದಿರಬಹುದು ಎಂದು ತಮ್ಮ ಡಬ್ಬಿಯ ಅವಲಕ್ಕಿಯನ್ನು ಅವಳ ಅಂಗೈಗೆ ಹಾಕಿ, ತಾವೂ ಅದೇ ಡಬ್ಬಿಯಿಂದ ತಿಂದರು. ತಮ್ಮ ಬಾಟಲಿಯ ನೀರು ಕೊಟ್ಟರು. ನಾಗು ಬಾಯಿ ಹಚ್ಚಿ ಕುಡಿದಳು, ಮಾಲತಿಯೂ ಕುಡಿದರು. ವೇದಿಕೆಯ ಮೇಲಿಂದ ರೂಪಾ ನೋಡುತ್ತಿದ್ದಳು. ಅವಳಿಗೆ ಒಮ್ಮೆ ಸಂತೋಷವಾಯಿತು, ಒಮ್ಮೆ ಗಂಗಿಯ ಲೋಟ ನೆನಪಾಯಿತು.

ದಿವಾಕರ ಮಾಸ್ತರರು ಸೊಗಸಾಗಿ ಮಾತಾಡಿದರು. "ತಾನು ಉಂಡ ನೋವನ್ನು ಯಾರಾದರೂ ಬರೆದಾರು. ಉಣ್ಣದ ನೋವನ್ನು ಬರೆಯುವುದಿದೆಯಲ್ಲ, ಅದು ಪ್ರತಿಭೆ. ರೂಪಾ ಅಕ್ಕೋರದು ಪರಕಾಯ ಪ್ರವೇಶ. ಆ ಕೇರಿಯ ಹುಡುಗಿಯ ಮೈಯೊಳಗೆ ಹೊಕ್ಕು ಬಂದಿದ್ದಾರೆ!" ಚಪ್ಪಾಳೆ ಬಿತ್ತು. ಆಮೇಲೆ ಅವರಿಗೆ, ಇಂಥ ಮಗಳನ್ನು ಹೆತ್ತ ತಾಯಿ ಸಭೆಯಲ್ಲೇ ಇರುವಾಗ ಅವರಿಂದ ಎರಡು ಮಾತು ಆಡಿಸದಿದ್ದರೆ ಹೇಗೆ ಎನಿಸಿತು.

ನಾಗು ಹಿಂಜರಿಯಲಿಲ್ಲ. ಅಂಗನವಾಡಿಯ ಮಕ್ಕಳ ಗದ್ದಲದ ನಡುವೆ ಕೂಗಿ ಕೂಗಿ ಪಳಗಿದ ಗಂಟಲು. ಮೈಕಿನ ಅಗತ್ಯವೇ ಇರಲಿಲ್ಲ.

"ಪುಸ್ತಕ ನಾ ಓದೀನೆ" ಎಂದಳು. "ಚಲೋ ಬರ್ದಾಳೆ. ಅಕ್ಷರ ಎಲ್ಲ ದೊಡ್ಡದಾಗಿ ಅದೆ, ಕಣ್ಣಿಗೆ ತ್ರಾಸಿಲ್ಲ. ಆದ್ರೆ ಒಂದು ಮಾತು ಹೇಳ್ತೆ. ನಮ್ಮ ಕೇರಿಯೋರು ಇಷ್ಟೊಂದು ಅಳೂರಲ್ಲ."

ಸಭೆ ಒಮ್ಮೆಲೇ ತಣ್ಣಗಾಯಿತು. ನಾಗು ಅದನ್ನು ಗಮನವಿಟ್ಟು ಕೇಳುತ್ತಿದ್ದಾರೆ ಎಂದು ತಿಳಿದು ಮುಂದುವರಿಸಿದಳು.

"ನನ್ನ ಅತ್ತೆ ಸುಣ್ಣದ ಬುಟ್ಟಿ ಹೊತ್ತೋಳು. ಕೈ ಎಲ್ಲ ಸುಟ್ಟು ಸಿಪ್ಪೆ ಏಳ್ತಿತ್ತು. ಅವ್ಳು ಅತ್ತದ್ದು ನಾ ಕಂಡಿಲ್ಲ. ಬೈತಿದ್ಲು. ನೀರು ಕೊಡ್ದೇ ಇದ್ದೋರ ಏಳು ತಲೆಮಾರು ತೊಳೂ ಹಂಗೆ ಬೈತಿದ್ಲು. ಇವ್ಳು ಅದನ್ನ ಬರೀಲೇ ಇಲ್ಲ. ಓದ್ದೋರು ನಮ್ಮನ್ನ ಎಂತ ತಿಳ್ಕಂತಾರೆ? ಬರೀ ಕಣ್ಣೀರು ಸುರ್ಸೋ ಜನ ಅಂತ ತಿಳ್ಕಣೂದಿಲ್ವಾ?"

ಹಿಂದಿನ ಸಾಲುಗಳಿಂದ ಜೋರು ನಗು ಬಂತು. ಮುಂದಿನ ಸಾಲು ನಗಲಿಲ್ಲ. ಮಾಲತಿ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದರು. ಅದು ಆಗಲೇ ಬಿಗಿಯಾಗಿತ್ತು. ದಿವಾಕರ ಮಾಸ್ತರರು ಮಾತ್ರ ಅನುಭವಿ. ಎದ್ದು ನಿಂತು, "ನೋಡಿ, ನಾನು ಹೇಳಿದ್ದು ಇದನ್ನೇ. ಅನುಭವದ ಕುಲುಮೆಯಿಂದ ಬಂದದ್ದಕ್ಕೆ ಮಾತ್ರ ಈ ಹೊಳಪು ಬರಲು ಸಾಧ್ಯ!" ಎಂದರು. ಮತ್ತೆ ಚಪ್ಪಾಳೆ ಬಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಮಾಲತಿ ರೂಪಾಳ ಹತ್ತಿರ ಬಂದು, ಕಾರಿನಲ್ಲಿ ಈಗ ಸಾಮಾನು ಸ್ವಲ್ಪ ಜಾಸ್ತಿಯಾಗಿದೆ, ನೀವು ತಾಯಿ ಮಗಳು ಆರಾಮಾಗಿ ಬಸ್ಸಿಗೆ ಬನ್ನಿ ಎಂದರು. ಸಾಮಾನು ಎಂದರೆ ರೂಪಾಳಿಗೇ ಸಿಕ್ಕ ಹೂವಿನ ಹಾರ ಮತ್ತು ಹಣ್ಣಿನ ಬುಟ್ಟಿ. ಅವು ಕಾರಿನಲ್ಲಿ ಹೋದವು.

ಬಸ್ಸಿನಲ್ಲಿ ನಾಗು, "ನಾ ಹೇಳ್ಬಾರ್ದಾಗಿತ್ತಾ ಮಗಾ?" ಎಂದು ಕೇಳಿದಳು.

"ಹೇಳಿದ್ದೇ ಚಲೋ ಆತು ಅವ್ವ."

"ಆ ಹೆಂಗ್ಸು ಒಳ್ಳೇದು. ಅವಲಕ್ಕಿಗೆ ಕಾಯಿ ಚಲೋ ಹಾಕಿದ್ಲು."

ರೂಪಾ ಕಿಟಕಿಯ ಕಡೆ ತಿರುಗಿಕೊಂಡಳು.

ಮರುದಿನ ಬೆಳಿಗ್ಗೆ ಯಾವ ಕೂಗಾಟವೂ ನಡೆಯಲಿಲ್ಲ. ನಡೆದಿದ್ದರೆ ರೂಪಾಳಿಗೆ ಉತ್ತರಿಸುವುದು ಸುಲಭವಾಗುತ್ತಿತ್ತು. ಮಾಲತಿ ಎಂದಿಗಿಂತ ಮೃದುವಾಗಿ ಮಾತಾಡಿದರು. ಹೊಸ್ತಿಲೊಳಗೆ ಕರೆಯಲಿಲ್ಲ, ಅಂಗಳದಲ್ಲೇ ಒಂದು ಕುರ್ಚಿ ಹಾಕಿಸಿದರು, ಅದೂ ಒಳ್ಳೆಯ ಕುರ್ಚಿ.

"ಮೊದ್ಲೇ ಒಂದು ಮಾತು ಹೇಳ್ಬಹುದಿತ್ತಲ್ಲ ಅಕ್ಕೋರೇ."

"ನೀವು ಕೇಳ್ಲಿಲ್ಲ ಮಾಲತಕ್ಕ."

"ಅದೆಲ್ಲ ಬಾಯಿಬಿಟ್ಟು ಕೇಳೂಕಾಗ್ತದ? ಕೇಳಿದ್ರೆ ನಿಮ್ಗೆ ಬೇಜಾರಾಗೂದಿಲ್ವಾ?" ಮಾಲತಿಗೆ ನಿಜವಾಗಿಯೂ ನೋವಾಗಿತ್ತು. "ನಿಮ್ಮ ಹೊನ್ನಿಗೋಸ್ಕರ ನಾ ಎಷ್ಟು ಅತ್ತೆ ಅಂತ ನಿಮ್ಗೆ ಗೊತ್ತಿಲ್ಲವ? ನಮ್ಗೆ ಅಂಥದ್ದೆಲ್ಲ ಇಲ್ಲ. ಈಗ ಆ ಕಾಲ ಅಲ್ಲ. ಆದ್ರೆ ಅತ್ತೆಯೋರ ವರ್ಷಾಬ್ದಿ ಬಂತು, ಭಟ್ರು ಬತ್ತಾರೆ, ಒಂದೇ ಬಾವಿ. ಮತ್ತೆ ಬಿಡಾರಕ್ಕೆ ಸುಣ್ಣ ಹೊಡಿಸ್ದೇ ಎಷ್ಟು ವರ್ಷ ಆತು! ಗೋಡೆ ಕಪ್ಪಗಾಗದೆ. ಸುಣ್ಣ ಹೊಡಿಸೂಕೆ ಮನೆ ಖಾಲಿ ಆಗ್ಲೇಬೇಕಲ್ಲ."

ರೂಪಾಳಿಗೆ ಆ ಕ್ಷಣ ನಗು ಬಂದದ್ದು ಯಾಕೆ ಎಂದು ಮಾಲತಿಗೆ ತಿಳಿಯಲಿಲ್ಲ.

"ಸುಣ್ಣ ಹೊಡ್ದ ಮೇಲೆ ತಿರುಗಿ ಬರ್ಬಹುದಾ?"

ಮಾಲತಿ ಕಾಯಿಬೀಳುವ ತೆಂಗಿನಮರದ ಕಡೆ ನೋಡಿ, ಮಗ ಮಸ್ಕತ್ತಿನಿಂದ ಬರುತ್ತೇನೆ ಎಂದಿದ್ದಾನೆ ಎಂದರು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಗಂಗಿಯ ಮಾತು. ಮೂರು ವರ್ಷ ಅವಳು ರೂಪಾಳ ಬಿಡಾರದೊಳಗೆ ಕುರ್ಚಿಯ ಮೇಲೆ ಕೂತು, ರೂಪಾಳದೇ ಕಪ್ಪಿನಲ್ಲಿ ಚಹಾ ಕುಡಿದು, ಒಡತಿಯ ಮನೆಯ ಕಿಟಕಿ ದಂಡೆಯ ಲೋಟವನ್ನು ಬಯ್ದು ಹೋಗುತ್ತಿದ್ದವಳು. ಅಂದು ಸಂಜೆ ರೂಪಾ ಕಪ್ಪು ಚಾಚಿದರೆ ಬಾಗಿಲಲ್ಲೇ ನಿಂತಳು.

"ಬ್ಯಾಡ ಅಕ್ಕೋರೇ. ಚಾ ಬಿಟ್ಟೆ ನಾನು. ಪಿತ್ತ ಆತದೆ."

"ಯಾವಾಗಿಂದ?"

"ನಿನ್ನೆಯಿಂದ" ಎಂದಳು ಗಂಗಿ, ಸುಳ್ಳು ಹೇಳಲು ಬಾರದವಳು. ಆಮೇಲೆ ಒಡತಿಯ ಮನೆಯ ಕಿಟಕಿಯ ಹತ್ತಿರ ಹೋಗಿ, ಬೋರಲಾಗಿದ್ದ ಲೋಟವನ್ನು ಎತ್ತಿ ಹಿಡಿದು ನಿಂತಳು.

ಆ ರಾತ್ರಿ ರೂಪಾ ಅಳಲಿಲ್ಲ. ಅಳಬೇಕೆಂದು ಕೂತರೂ ಬರಲಿಲ್ಲ. ಬದಲಿಗೆ ಬಾಯಿಗೆ ಒಂದು ಬೈಗುಳ ಬಂತು. ಅದು ಎಲ್ಲಿಂದ ಬಂತೋ, ಚಿಕ್ಕಂದಿನಲ್ಲಿ ಅಜ್ಜಿಯ ಬಾಯಿಂದ ಕೇಳಿದ್ದೋ ಏನೋ. ಒಬ್ಬಳೇ ಇದ್ದ ಕೋಣೆಯಲ್ಲಿ ಅದನ್ನು ಮೆಲ್ಲಗೆ ಹೇಳಿ ನೋಡಿದಳು. ಎದೆ ಹಗುರಾಯಿತು. ಇನ್ನೊಮ್ಮೆ ಸ್ವಲ್ಪ ಗಟ್ಟಿಯಾಗಿ ಹೇಳಿದಳು.

ಬಿಡಾರ ಖಾಲಿ ಮಾಡುವ ದಿನ, ಪೆಟ್ಟಿಗೆಗಳ ನಡುವೆ ಚಂದನಾ ಓಡಿಬಂದಳು. ಕೈಯಲ್ಲಿ ಬಹುಮಾನದ ಒಂದು ಹೊಳೆಯುವ ಕಪ್ಪು. ಅವಳ ಶಾಲೆಯಲ್ಲಿ ನೆಚ್ಚಿನ ಪುಸ್ತಕದ ಬಗ್ಗೆ ಭಾಷಣ ಸ್ಪರ್ಧೆ ನಡೆದಿತ್ತು.

"ಅಕ್ಕೋರೇ, ನಂಗೆ ಫಸ್ಟ್ ಬಂತು! 'ಸುಣ್ಣದ ಹೊನ್ನಿ' ಬಗ್ಗೆ ಹೇಳಿದೆ."

"ಹೌದಾ! ಎಂತ ಹೇಳಿದ್ಯೇ?"

ಚಂದನಾ ಕೈ ಕಟ್ಟಿ ನಿಂತು ಪೂರ್ತಿ ಒಪ್ಪಿಸಿದಳು. ಅದರ ಕೊನೆ ಹೀಗಿತ್ತು: ಹಿಂದಿನ ಕಾಲದಲ್ಲಿ ಜನರು ಅಜ್ಞಾನಿಗಳಾಗಿದ್ದರು, ಈಗ ನಾವೆಲ್ಲರೂ ಒಂದೇ, ಹೊನ್ನಿ ಈಗ ಹುಟ್ಟಿದ್ದರೆ ಎಷ್ಟು ಸುಖವಾಗಿರುತ್ತಿದ್ದಳು! "ಕೊನೇದು ಅಜ್ಜಿ ಬರ್ದುಕೊಟ್ಟದ್ದು" ಎಂದೂ ಹೇಳಿದಳು. ರೂಪಾ ಅವಳನ್ನು ಹತ್ತಿರಕ್ಕೆಳೆದು ಕೆನ್ನೆ ಹಿಂಡಿ, ಡಬ್ಬಿಯಲ್ಲಿ ಉಳಿದಿದ್ದ ಚಾಕಲೇಟನ್ನೆಲ್ಲ ಕೊಟ್ಟಳು. ಹೊರಗೆ ಟೆಂಪೋದವನು ಹಾರನ್ ಬಾರಿಸುತ್ತಿದ್ದ.

ಹೊನ್ನಾವರದಲ್ಲಿ ಬೇರೆ ಮನೆ ಹುಡುಕುವ ಮನಸ್ಸಾಗಲಿಲ್ಲ. ಭಟ್ಕಳದ ಹತ್ತಿರ ಅವ್ವನ ಮನೆಗೇ ಹೋದಳು. ದಿನಾ ಬೆಳಿಗ್ಗೆ ಒಂದು ಬಸ್ಸು ಹಿಡಿದು ಹೊನ್ನಾವರ, ಅಲ್ಲಿ ಇನ್ನೊಂದು ಹಿಡಿದು ಹಳದೀಪುರ.

ಅಷ್ಟರಲ್ಲಿ ಬಳಗದ ಮಾಸಪತ್ರಿಕೆಯಲ್ಲಿ ದಿವಾಕರ ಮಾಸ್ತರರ ವಿಮರ್ಶೆ ಬಂತು. ಲೇಖಕಿ ತಾವು ಕಂಡುಂಡದ್ದನ್ನು ಇದ್ದ ಹಾಗೇ ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಅನುಭವ ಕಲೆಯಾಗಬೇಕಾದರೆ ಕಲ್ಪನೆಯ ಸ್ಪರ್ಶ ಬೇಕು. ಅದು ಇಲ್ಲಿ ಸ್ವಲ್ಪ ಕಡಿಮೆಯಾಯಿತು. ರೂಪಾ ಓದಿ ಫೋನ್ ಮಾಡಿದಳು.

"ಮಾಸ್ತರೇ, ಸುಣ್ಣದ ಗೂಡು ಉರಿಯೂದನ್ನ ನಾನು ಜನ್ಮದಲ್ಲೇ ಕಂಡವಳಲ್ಲ. ಅದೆಲ್ಲ ಕಲ್ಪನೆಯೇ."

"ನಿಮ್ಮ ವಿನಯ ನನಗೆ ಗೊತ್ತಮ್ಮ" ಎಂದರು ಅವರು. "ಇನ್ನು ನೀವು ಆತ್ಮಕಥೆ ಬರೀಬೇಕು. ಹಾಂ, ಮುಂದಿನ ತಿಂಗಳು ನಮ್ಮಲ್ಲಿ ದಲಿತ ಮಕ್ಕಳ ಸಾಹಿತ್ಯ ಅಂತ ಒಂದು ಗೋಷ್ಠಿ ಉಂಟು. ಅಧ್ಯಕ್ಷತೆ ನಿಮ್ಮದೇ."

"ಹೋದ ವರ್ಷ ಬರೀ ಮಕ್ಕಳ ಸಾಹಿತ್ಯ ಗೋಷ್ಠಿಗೆ ಕರೆದಿದ್ರಿ."

"ಅದಕ್ಕೆ ಈ ಸಲ ಬೇರೆಯವರಿದ್ದಾರೆ" ಎಂದರು ಮಾಸ್ತರರು.

ಸಭೆಯಲ್ಲಿ ನಡೆದದ್ದರ ಸುದ್ದಿ ಹಬ್ಬಿ ಪುಸ್ತಕ ಖರ್ಚಾಗಿತ್ತು. ವಿನೋದ ಎರಡನೇ ಮುದ್ರಣ ಮಾಡುತ್ತೇನೆಂದ. ಮುಖಪುಟಕ್ಕೆ ಹಾಳು ಸುಣ್ಣದ ಗೂಡಿನ ಮುಂದೆ ರೂಪಾಳ ಫೋಟೋ ತೆಗೆಯುವುದು ಅವನ ಯೋಜನೆ. ಸೀರೆ ಸ್ವಲ್ಪ ಹಳೆಯದಾದರೆ ಒಳ್ಳೆಯದು. ಅವಳು ಫೋಟೋ ಬೇಡವೆಂದಳು. ಬಾವಿಯ ಅಧ್ಯಾಯವನ್ನು ಹೊಸದಾಗಿ ಬರೆದುಕೊಡುತ್ತೇನೆಂದಳು.

ಹೊಸ ಅಧ್ಯಾಯದಲ್ಲಿ ಹೊನ್ನಿ ಅಳುವುದಿಲ್ಲ. ಬಿಸಿಲಲ್ಲಿ ಕಾದು ಕಾದು ಸಾಕಾಗಿ ಎದ್ದು ನಿಲ್ಲುತ್ತಾಳೆ, ಖಾಲಿ ಚಿಪ್ಪನ್ನು ಬಾವಿಕಟ್ಟೆಗೆ ಬೀಸಿ ಒಡೆಯುತ್ತಾಳೆ, ಬಾವಿಯ ಒಡತಿಗೆ ಬೈಯುತ್ತಾಳೆ. "ಕಾದ್ಕೋ ನಿನ್ನ ಬಾವಿ, ಕಪ್ಪೆಗೆ ಹುಟ್ಟಿದವ್ಳೇ! ನಿನ್ನ ನೀರು ನಿನ್ನ ಬಾಯಿಗೆ ಕಡೇ ಗುಟುಕು ಬಿಡೂಕಾಗ್ಲಿ!" ಹೀಗೆ ಒಂದೂವರೆ ಪುಟ. ಬರೆಯುವಾಗ ನಾಗು ಪಕ್ಕದಲ್ಲೇ ಮೀನು ಹೆರೆಯುತ್ತ ಕೂತಿರುತ್ತಿದ್ದಳು. ಒಂದೊಂದನ್ನು ಕೇಳಿ ತಲೆದೂಗುತ್ತಿದ್ದಳು. ಕೆಲವಕ್ಕೆ, "ಥೂ, ಇದನ್ನ ಬರೀಬ್ಯಾಡ, ಮಕ್ಳು ಓದ್ತಾರೆ" ಎನ್ನುತ್ತಿದ್ದಳು. ಅವನ್ನು ರೂಪಾ ಬಿಟ್ಟಳು.

ವಿನೋದ ಹಸ್ತಪ್ರತಿ ಓದಿ ಗಾಬರಿಯಾದ.

"ಅಕ್ಕೋರೇ, ಇದು ಮಕ್ಕಳ ಪುಸ್ತಕ. ಶಾಲೆಗಳಿಗೆ ಆರಿಸೋ ಸಮಿತಿ ಮುಂದೆ ಹೋಗ್ಬೇಕು. ಇಂಥ ಮಾತೆಲ್ಲ ಇದ್ರೆ ಹೆಂಗೆ?"

"ಇದ್ರಲ್ಲಿ ಮಕ್ಕಳಿಗೆ ಆಗದ್ದು ಎಂತ ಅದೆ?"

"ಬೈಗುಳ ಅಲ್ಲವ? ಅಸ್ಪೃಶ್ಯತೆ ಇರ್ಲಿ, ಅದಕ್ಕೆ ಯಾರೂ ಬೇಡ ಅನ್ನೂದಿಲ್ಲ. ಮಕ್ಳಿಗೆ ತಿಳುವಳಿಕೆ ಬರ್ತದೆ. ಬೈಗುಳ ಮಾತ್ರ ಬೇಡ. ಮಕ್ಳ ಮನಸ್ಸು ಕೆಡ್ತದೆ."

"ಒಂದು ಹುಡುಗಿಗೆ ನೀರು ಕೊಡ್ದೇ ಬಿಸಿಲಲ್ಲಿ ನಿಲ್ಸೂದು ಓದಿ ಕೆಡದ ಮನಸ್ಸು, ಅವ್ಳು ತಿರುಗಿ ಕಪ್ಪೆ ಅಂದ್ರೆ ಕೆಡ್ತದ?"

ವಿನೋದ ತಲೆ ಕೆರೆದುಕೊಂಡ. ಅವನು ಕೆಟ್ಟವನಲ್ಲ, ಪುಸ್ತಕ ಮಾರುವವನು. ಹೋಗಲಿ, ಹೊನ್ನಿ ಬೈದಳು ಎಂದಷ್ಟೇ ಬರೆಯಿರಿ, ಏನು ಬೈದಳು ಎನ್ನುವುದು ಬೇಡ ಎಂದ. ರೂಪಾ ಒಪ್ಪಲಿಲ್ಲ. ಬೈಗುಳ ಹೋದರೆ ಪುಸ್ತಕವೂ ಬೇಡ ಎಂದು ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡಳು. ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಅವನು ಕೂಗಿ ಕರೆದ. ಕಪ್ಪೆ ಉಳಿಯಿತು, ಕಡೇ ಗುಟುಕೂ ಉಳಿಯಿತು.

ಸಮಿತಿ ಅದನ್ನು ಆರಿಸಲಿಲ್ಲ. ವಸ್ತು ಉದಾತ್ತವಾಗಿದೆ, ಆದರೆ ನಾಯಕಿಯ ನಡತೆ ಮಕ್ಕಳಿಗೆ ಮಾದರಿಯಾಗುವಂತಿಲ್ಲ, ಮೊದಲ ಮುದ್ರಣದ ಸಹನೆ ಇಲ್ಲಿ ಕಾಣುವುದಿಲ್ಲ ಎಂಬುದು ಅದರ ಅಭಿಪ್ರಾಯ. ರೂಪಾ ತನ್ನ ಶಾಲೆಯಲ್ಲಿ ಎಂಟನೇ ತರಗತಿಗೆ ಆ ಅಧ್ಯಾಯ ಓದಿ ಹೇಳಿದಳು. ಹಳೆಯದನ್ನು ಓದಿದಾಗ ಮಕ್ಕಳು ತಲೆ ತಗ್ಗಿಸಿ, ಯಾವಾಗ ಮುಗಿಯುವುದೋ ಎಂಬಂತೆ ಕೂತಿರುತ್ತಿದ್ದರು. ಈ ಸಲ ನಕ್ಕರು. ಇನ್ನೊಮ್ಮೆ ಓದಿ ಎಂದು ಬೆಂಚು ಬಡಿದರು. ಪಕ್ಕದ ಕೋಣೆಯ ಗಣಿತದ ಮಾಸ್ತರರು ಬಂದು ಬಾಗಿಲಲ್ಲಿ ಇಣುಕಿದರು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಮಾಲತಿ ಎದುರಾದರು. ಸ್ವಲ್ಪ ಸೊರಗಿದ್ದರು. ಮಗ ಮಸ್ಕತ್ತಿನಿಂದ ಬಂದಿರಲಿಲ್ಲ, ಬಿಡಾರ ಇನ್ನೂ ಖಾಲಿ, ಒಳ್ಳೆಯ ಜನ ಸಿಗುವುದೇ ಇಲ್ಲ. ಇದನ್ನೆಲ್ಲ ಹೇಳಿದರು. ಆಮೇಲೆ ತಡೆಯಲಾಗದೆ, "ಹೊಸ ಪುಸ್ತಕ ತರ್ಸಿ ಓದ್ದೆ" ಎಂದರು.

"ಹೆಂಗಾಗದೆ ಮಾಲತಕ್ಕ?"

"ಮೊದ್ಲಿನ ಪುಸ್ತಕವೇ ಚಲೋ ಇತ್ತು. ಅದನ್ನ ಓದಿದ್ರೆ ಅಳು ಬರ್ತಿತ್ತು, ಮನಸ್ಸು ತಿಳಿಯಾಗ್ತಿತ್ತು." ಅವರು ಕೈಚೀಲವನ್ನು ಎದೆಗೆ ಒತ್ತಿಕೊಂಡರು. "ಇದು ಹಂಗಲ್ಲ. ಚಂದನಾ ಗಟ್ಟಿಯಾಗಿ ಓದ್ತಾ ಇದ್ಲು. ಆ ಹುಡುಗಿ ಹಂಗೆ ಬೈವಾಗ ನಂಗೆ... ನಂಗೇ ಬೈದಂಗೆ ಆತು, ಅಕ್ಕೋರೇ. ನಾ ಎಂತ ಮಾಡಿದ್ದೆ ಹೊನ್ನಿಗೆ?"

ರೂಪಾ ಅವರ ಮುಖ ನೋಡಿದಳು. ಅದರಲ್ಲಿ ನಾಟಕವಿರಲಿಲ್ಲ. ಉತ್ತರ ಬೇಕಾಗಿತ್ತು ಅವರಿಗೆ. ಅವಳ ಬಾಯಿಗೆ ಏನೇನೋ ಬಂತು, ಯಾವುದೂ ಹೊರಗೆ ಬರುವ ಮೊದಲೇ ಹಳದೀಪುರದ ಮೇಲೆ ಹೋಗುವ ಕುಮಟೆಯ ಬಸ್ಸು ಬಂದು ನಿಂತಿತು. ಮಾಲತಿಗೆ ಕುಮಟೆಯಲ್ಲಿ ಕಣ್ಣಿನ ಡಾಕ್ಟರನ್ನು ಕಾಣುವುದಿತ್ತು, ಕಾರು ರಿಪೇರಿಗೆ ಹೋಗಿತ್ತು. ಜನ ನುಗ್ಗಿದರು. ಇಬ್ಬರೂ ಹತ್ತುವಷ್ಟರಲ್ಲಿ ಉಳಿದದ್ದು ಹಿಂದಿನ ಚಕ್ರದ ಮೇಲಿನ ಜೋಡಿ ಸೀಟು ಒಂದೇ.

ಮಾಲತಿ ಕಿಟಕಿಯ ಪಕ್ಕ ಕೂತರು. ಕೈಚೀಲವನ್ನು ಪಕ್ಕದ ಜಾಗದಲ್ಲಿಟ್ಟು, ನಿಂತಿದ್ದ ರೂಪಾಳನ್ನು ಒಮ್ಮೆ ನೋಡಿದರು. ಕಂಡಕ್ಟರ್ ಹಿಂದಿನಿಂದ, "ಚೀಲ ತೆಗೀರಿ ಅಮ್ಮ, ಅಕ್ಕೋರು ಕೂತ್ಕಳ್ಲಿ" ಎಂದ. ಅವರು ಚೀಲವನ್ನು ಮಡಿಲಿಗೆ ಎಳೆದುಕೊಂಡರು. ರೂಪಾ ಕೂತಳು. ಕೈಗೆ ಕೈ ತಾಗುತ್ತಿತ್ತು. ಸರಿದು ಕೂರಲು ಇಬ್ಬರಿಗೂ ಜಾಗವಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮಾಲತಿ ಚಂದನಾಳಿಗೆ ಕನ್ನಡದಲ್ಲಿ ಅಂಕ ಕಡಿಮೆಯಾಗಿದೆ ಎಂದರು. ಒತ್ತಕ್ಷರ ತಪ್ಪುತ್ತಾಳೆ, ದಿನಾ ಒಂದು ಪುಟ ಬರೆಸಿ ಎಂದಳು ರೂಪಾ. ಹಳದೀಪುರ ಬಂತು. ಅವಳು ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಇಳಿದಳು.